ಅಲ್ಲಿಂದಲೇ ನಮಸ್ಕಾರ ಮಾಡಿ

ಹೊದಿಕೆ ತಗುಲಿತು. ಅಷ್ಟೇ.

ಬೆಳಗಿನ ಜಾವ ಮಗ್ಗುಲು ಬದಲಿಸುವಾಗ ಹೊದಿಕೆಯ ಅಂಚು ಬಲಗಾಲಿನ ಹೆಬ್ಬೆರಳಿಗೆ ತಗುಲಿತು. ಕೆಂಡ ಇಟ್ಟಂತಾಯಿತು. ಮೊದಲು ಚೇಳು ಅಂದುಕೊಂಡೆ. ಕತ್ರಿಗುಪ್ಪೆಯಲ್ಲಿ, ಎರಡನೇ ಮಹಡಿಯಲ್ಲಿ, ಟೈಲ್ಸ್ ಹಾಕಿದ ಮನೆಗೆ ಚೇಳು ಎಲ್ಲಿಂದ ಬರಬೇಕು? ಆದರೂ ಎದ್ದು ಹಾಸಿಗೆ ಕೊಡವಿದೆ. ಏನೂ ಬೀಳಲಿಲ್ಲ. ದೀಪ ಹಾಕಿ ನೋಡಿದರೆ ಹೆಬ್ಬೆರಳಿನ ಬುಡ ಊದಿಕೊಂಡು, ಕೆಂಪಗೆ, ಮಿರಮಿರ ಹೊಳೆಯುತ್ತಿತ್ತು. ಈರುಳ್ಳಿಯೊಂದನ್ನು ಚರ್ಮದ ಒಳಗಿಟ್ಟು ಹೊಲಿದ ಹಾಗೆ.

ಅನ್ವಿತಾ, ಚಿನ್ಮಯಿ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಇನ್ನೂ ಓದಲು ಬಾರದ ಆ ಮೂರನೆಯವಳಿಗೂ ಹೌದು. ನೀವು ಕೇಳಿದಾಗಲೆಲ್ಲ "ಏನಿಲ್ಲ, ಕಾಲುನೋವು" ಎಂದು ಮುಗಿಸಿಬಿಟ್ಟೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ಪದ್ಯ ಒಪ್ಪಿಸು ಎಂದರೆ ಗೋಡೆ ಕಡೆ ತಿರುಗಿ ಒಪ್ಪಿಸುತ್ತಿದ್ದೆ, ಪಾಪ, ಮೇಷ್ಟ್ರು ಅದಕ್ಕೂ ಒಪ್ಪುತ್ತಿದ್ದರು. ಬರೆಯುವುದಕ್ಕಾದರೆ ಗೋಡೆ ಬೇಕಿಲ್ಲ.

ಆ ಬೆಳಿಗ್ಗೆ ನನಗೆ ನೋವಿಗಿಂತ ದೊಡ್ಡ ಚಿಂತೆಯೊಂದಿತ್ತು. ನನ್ನ ಮಗಳು, ಅಂದರೆ ನಿಮ್ಮ ಪುಷ್ಪತ್ತೆ, ಮುಂದಿನ ತಿಂಗಳು ಹೆರಿಗೆಗೆ ನಮ್ಮ ಮನೆಗೆ ಬರುವವಳಿದ್ದಳು. ಮಗುವಿಗೆ ನೀರು ಹಾಕುವ ಕೆಲಸ ನನ್ನದು. ನಮ್ಮ ಕಡೆ ಹಸುಗೂಸಿಗೆ ನೀರು ಹಾಕುವುದು ಟಬ್ಬಿನಲ್ಲಿ ಅಲ್ಲ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲನ್ನು ಮುಂದಕ್ಕೆ ಚಾಚಿ, ಮಗುವನ್ನು ಕಾಲ ಮೇಲೆ ಉದ್ದಕ್ಕೆ ಮಲಗಿಸಿಕೊಳ್ಳಬೇಕು. ಮಗುವಿನ ಕಾಲು ನಮ್ಮ ಮಡಿಲ ಕಡೆ. ತಲೆ ನಮ್ಮ ಎರಡು ಪಾದಗಳ ನಡುವೆ. ಪಾದಗಳೇ ದಿಂಬು. ಹಾಗೆ ನಿಮ್ಮಪ್ಪ ರುದ್ರೇಶನಿಗೆ ಹಾಕಿದ್ದೇನೆ, ಪುಷ್ಪನಿಗೆ ಹಾಕಿದ್ದೇನೆ, ನಿಮ್ಮಿಬ್ಬರಿಗೂ ಹಾಕಿದ್ದೇನೆ. ನನಗೆ ಬರುವ ವಿದ್ಯೆ ಅದೊಂದೇ.

ಆ ದಿಂಬಿನಲ್ಲೇ ಈಗ ಈರುಳ್ಳಿ ಎದ್ದು ಕೂತಿತ್ತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಡಾಕ್ಟರು, ಡಾಕ್ಟರೆಂದರೆ ಗಂಡಸರು, ಗಂಡಸರ ಮುಂದೆ ಸೀರೆ ಎತ್ತಿ ಕಾಲು ತೋರಿಸಬೇಕು. ಅನ್ವಿತಾ, ನಿನ್ನ ಒಂದು ಸಾಕ್ಸ್ ಕಾಣೆಯಾಗಿತ್ತಲ್ಲ, ಬೆಕ್ಕಿನ ಮುಖ ಇದ್ದದ್ದು, ಅದು ನನ್ನ ಕಾಲಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ನಿಮ್ಮಮ್ಮ ವಾಣಿ ಅದನ್ನು ಕಂಡುಹಿಡಿದಳು.

"ಅತ್ತೆ, ಒಂದೇ ಕಾಲಿಗೆ ಯಾಕೆ ಸಾಕ್ಸು?"

"ಚಳಿ ಕಣಮ್ಮ."

"ಏಪ್ರಿಲ್‌ನಲ್ಲಾ? ಅದೂ ಒಂದೇ ಕಾಲಿಗಾ?"

ಅವಳು ಡಾಕ್ಟರಿಗೆ ಫೋನ್ ಮಾಡುವಷ್ಟರಲ್ಲಿ ಹೊಸಕೆರೆಹಳ್ಳಿಯಿಂದ ನನ್ನ ನಾದಿನಿ ಪುಟ್ಟಮ್ಮಣ್ಣಿ ಬಂದಳು. ಅವಳು ಇರುವ ಕಡೆ ಡಾಕ್ಟರಿಗೆ ಕೆಲಸವಿಲ್ಲ. ಹೆಬ್ಬೆರಳು ನೋಡಿದವಳೇ ವಾಯು ಎಂದಳು. ಯಾರದೋ ಖಾಲಿ ಸೈಟಿನಿಂದ ಎಕ್ಕದ ಎಲೆ ಕಿತ್ತು ತಂದು, ಹರಳೆಣ್ಣೆ ಸವರಿ, ದೋಸೆ ಕಾವಲಿಯ ಮೇಲೆ ಬಿಸಿ ಮಾಡಿ, ಬೆರಳಿಗೆ ಸುತ್ತಿ ಬಟ್ಟೆ ಕಟ್ಟಿದಳು. ಎಷ್ಟು ಬಿಸಿ ತಡೆದುಕೊಂಡರೆ ಅಷ್ಟು ಬೇಗ ಇಳಿಯುತ್ತದೆ ಎಂದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಗೆ ಬಂದವಳ ಮನಸ್ಸು ನೋಯಿಸುವುದು ಹೇಗೆ ಎಂದು ಸುಮ್ಮನೆ ಕೂತೆ. ಬಿಚ್ಚಿದಾಗ ಊತದ ಮೇಲೆ ಬೊಬ್ಬೆ ಎದ್ದಿತ್ತು. ಎಲೆಯ ಹಾಲೋ, ಕಾವಲಿಯ ಬಿಸಿಯೋ, ಎರಡೂ ಸೇರಿಯೋ ಗೊತ್ತಿಲ್ಲ. ಮಾರನೆಯ ದಿನ ಬೊಬ್ಬೆ ಒಡೆದು ಕೀವಾಯಿತು.

ಮುಂದಿನ ತಪ್ಪು ನನ್ನದೇ. ದೇವರ ಗೂಡಿನ ಕೆಳಗೆ ಬಿಸ್ಕತ್ತಿನ ಹಳೆಯ ಡಬ್ಬಿ ಇತ್ತಲ್ಲ, ಅದರಲ್ಲಿ ಮನೆಯವರೆಲ್ಲ ತಿಂದು ಉಳಿಸಿದ ಮಾತ್ರೆಗಳಿದ್ದವು. ವಾಣಿಯ ಹಲ್ಲುನೋವಿನದು, ರುದ್ರೇಶನ ಜ್ವರದ್ದು, ಚಿನ್ಮಯಿಯ ಗಂಟಲಿನದು. ಗುಣವಾದ ಮೇಲೆ ಉಳಿದ ಮಾತ್ರೆಯನ್ನು ಎಸೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಕೀವು ಎಂದರೆ ಕೆಂಪು ಮಾತ್ರೆ ಎಂಬುದು ನನ್ನ ಲೆಕ್ಕ. ಎರಡು ಕೆಂಪು ಮಾತ್ರೆ ನುಂಗಿದೆ. ಕೆಂಪು ಮುಗಿಯಿತು, ಹಳದಿ ನುಂಗಿದೆ.

ಕೆಂಪು ನನ್ನ ಕಣಕಾಲಿಗೆ ಏರಿತು.

ಈಗ ಪುಟ್ಟಮ್ಮಣ್ಣಿಯೂ ಹೆದರಿದಳು. ರುದ್ರೇಶ ತನ್ನ ಫ್ಯಾನು, ಬಲ್ಬಿನ ಅಂಗಡಿ ಬಾಗಿಲು ಹಾಕಿ, ಆಟೋ ಹತ್ತಿಸಿ ಜಯನಗರಕ್ಕೆ ಕರೆದುಕೊಂಡು ಹೋದ. ಡಾಕ್ಟರು ನಾನು ಹೆದರಿದ್ದಂತೆ ಗಂಡಸರೇ. ಆದರೆ ಮೊದಲ ಮಾತಿಗೇ ನನ್ನ ನಾಚಿಕೆಯನ್ನು ಬೇರೆ ದಿಕ್ಕಿಗೆ ತಿರುಗಿಸಿಬಿಟ್ಟರು.

"ಮಟನ್ ತಿಂತೀರಾ ಅಮ್ಮ?"

ನಾನು ತಲೆ ತಗ್ಗಿಸಿದೆ.

"ಬಿಯರ್ ಗಿಯರ್?"

ಹಣೆಯಲ್ಲಿ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗ, ತಲೆಯ ಮೇಲೆ ಸೆರಗು. ಹಾಗೆ ಕೂತವಳನ್ನು ಬಿಯರ್ ಕೇಳಿದರು. ರುದ್ರೇಶ ಮುಂದೆ ಬಂದ. "ಡಾಕ್ಟ್ರೇ, ನಾವು ಲಿಂಗಾಯತರು."

"ಅದು ಉತ್ತರ ಅಲ್ಲ ಸಾರ್. ನಾನು ಅಮ್ಮನ್ನ ಕೇಳಿದ್ದು."

ಇಲ್ಲ ಎಂದು ತಲೆಯಾಡಿಸಿದೆ. ಡಾಕ್ಟರು ಬೈಯಲಿಲ್ಲ. ಇದು ಗೌಟ್ ಇರಬೇಕು, ಮೊದಲು ರಾಜರ ಕಾಯಿಲೆ ಎನ್ನುತ್ತಿದ್ದರು, ಈಗ ಯಾರಿಗೆ ಬೇಕಾದರೂ ಬರುತ್ತದೆ ಎಂದರು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾದರೆ ಕೀಲಿನಲ್ಲಿ ಸೂಜಿಯಂಥ ಹರಳಾಗಿ ಕೂರುತ್ತದಂತೆ. ಮಾಂಸ ತಿನ್ನದವರಿಗೂ ಬರುತ್ತದಂತೆ. ನನ್ನ ಬಿ.ಪಿ. ಮಾತ್ರೆಯಲ್ಲಿ ನೀರು ಇಳಿಸುವ ಔಷಧಿ ಇತ್ತು, ಅದೂ ಯೂರಿಕ್ ಆಸಿಡ್ ಏರಿಸುತ್ತದಂತೆ. ವಯಸ್ಸಾದಂತೆ ಕಿಡ್ನಿಯೂ ನಿಧಾನ. ಆಮೇಲೆ ರುದ್ರೇಶನ ಕಡೆ ತಿರುಗಿ, ಇದು ಮನೆತನದಲ್ಲಿ ಹರಿದು ಬರುವುದುಂಟು, ನಿಮ್ಮದೂ ಒಮ್ಮೆ ನೋಡಿಸಿ ಎಂದರು. ರುದ್ರೇಶ ಸೀಲಿಂಗ್ ಫ್ಯಾನ್ ನೋಡಿದ. ಅದು ಅವನ ಅಂಗಡಿಯ ಕಂಪನಿಯದಲ್ಲ. ಆದರೂ ಬಹಳ ಹೊತ್ತು ನೋಡಿದ.

ರಕ್ತ ಪರೀಕ್ಷೆ ಮಾಡಿಸಿದೆವು. ಸಂಜೆ ರಿಪೋರ್ಟ್ ಬಂತು. ಯೂರಿಕ್ ಆಸಿಡ್ ನಾರ್ಮಲ್.

ಮನೆಯಲ್ಲಿ ತೀರ್ಪು ಆಗಿಹೋಯಿತು. ಡಾಕ್ಟರಿಗೆ ಏನೂ ಗೊತ್ತಿಲ್ಲ, ಇದು ದೃಷ್ಟಿ ಎಂದಳು ಪುಟ್ಟಮ್ಮಣ್ಣಿ. ಬಸುರಿ ಮಗಳ ತಾಯಿ ನೀನು, ಯಾರೋ ಕಣ್ಣು ಹಾಕಿದ್ದಾರೆ ಎಂದಳು. ನನ್ನ ಹೆಬ್ಬೆರಳಿನ ಮೇಲೆ ಕಣ್ಣು ಹಾಕುವಂಥ ಚಂದ ಏನಿತ್ತೋ. ಮಾರನೆಯ ದಿನ ರುದ್ರೇಶ ರಿಪೋರ್ಟನ್ನು ಡಾಕ್ಟರ ಮೇಜಿನ ಮೇಲೆ ಇಟ್ಟ ರೀತಿ ನೋಡಿದರೆ ಗಿರಾಕಿ ಸುಟ್ಟ ಬಲ್ಬು ವಾಪಸ್ ತಂದ ಹಾಗಿತ್ತು. ಡಾಕ್ಟರು ನಕ್ಕರು. ನೋವು ಜೋರಾಗಿ ಇರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ಇಳಿದು ನಾರ್ಮಲ್ ಎಂದು ತೋರಿಸುವುದುಂಟು, ಅದನ್ನು ನಂಬಿ ಗೌಟ್ ಇಲ್ಲ ಎನ್ನುವ ಹಾಗಿಲ್ಲ, ಎಲ್ಲ ತಣ್ಣಗಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ನೋಡಬೇಕು ಎಂದರು.

ನನ್ನ ಬಾಯಿಂದ ನನಗೇ ತಿಳಿಯದೆ ಮಾತು ಬಂತು. "ಹಸುಗಳು ಮೇಯೋಕೆ ಹೋದಾಗ ಕೊಟ್ಟಿಗೇಲಿ ಎಣಿಸಿದ ಹಾಗಾ?"

"ಅದೇ ಅಮ್ಮ," ಎಂದರು ಡಾಕ್ಟರು. "ಸಂಜೆ ಕೊಟ್ಟಿಗೆಗೆ ಬಂದ ಮೇಲೆ ಎಣಿಸೋಣ."

ಅಂದಿನಿಂದ ನನಗೆ ಅವರ ಮುಂದೆ ನಾಚಿಕೆ ಕಡಿಮೆಯಾಯಿತು. ಆದರೆ ಅವರಿಗೆ ಚಿಂತೆ ಇದ್ದದ್ದು ಹಸುಗಳದ್ದಲ್ಲ, ಒಡೆದ ಬೊಬ್ಬೆಯದು. ಕೀಲಿನ ಒಳಕ್ಕೂ ಸೋಂಕು ಇಳಿದಿದ್ದರೆ ಕಷ್ಟ ಎಂದು ಬನಶಂಕರಿ ಕಡೆಯ ಒಂದು ಆಸ್ಪತ್ರೆಗೆ ಅಡ್ಮಿಟ್ ಮಾಡಿಸಿದರು. ಅಲ್ಲಿ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದರು. ಗಾಯದಿಂದ ಹತ್ತಿ ಕಡ್ಡಿಯಲ್ಲಿ ಸ್ವಾಬ್ ತೆಗೆದು, ಯಾವ ಕ್ರಿಮಿ ಬೆಳೆಯುತ್ತದೆ ಎಂದು ನೋಡಲು ಕಲ್ಚರ್‌ಗೆ ಕಳಿಸಿದರು.

ಅಡ್ಮಿಟ್ ಆದ ಸುದ್ದಿ ಬಂಧುಗಳಲ್ಲಿ ಹಬ್ಬಿತು. ನಮ್ಮವರು ಗೊತ್ತಲ್ಲ. ಆಸ್ಪತ್ರೆಗೆ ಬರುವುದೆಂದರೆ ಎಳನೀರು, ಬ್ರೆಡ್ಡು, ಮೂಸಂಬಿ ಹಿಡಿದು ಮಂಚದ ಸುತ್ತ ಕೂರುವುದು. ಆಗ ನಾನಿದ್ದದ್ದು ಆರು ಮಂಚದ ವಾರ್ಡಿನಲ್ಲಿ. ಬಂದವರಲ್ಲಿ ಕಿರಿಯರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು.

ಕಾಲು ಅಂದರೆ ಎಡಗಾಲೂ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಬ್ಯಾಂಡೇಜ್ ಕಟ್ಟಿ ದಿಂಬಿನ ಮೇಲೆ ಎತ್ತರಕ್ಕೆ ಇಟ್ಟ ಬಲಗಾಲು ಪೂಜೆಗೆ ಇಟ್ಟ ಹಾಗೆ ಇತ್ತಲ್ಲ, ಎಲ್ಲರ ಕೈಯೂ ಅದಕ್ಕೇ. ಮುಟ್ಟಿದಾಗ ನೆತ್ತಿಯವರೆಗೆ ಮಿಂಚು ಹೊಡೆಯುತ್ತಿತ್ತು. ನನ್ನ ಬಾಯಲ್ಲಿ "ಚೆನ್ನಾಗಿರಪ್ಪ" ಎಂಬ ಮಾತು ಅರ್ಧ ಆಶೀರ್ವಾದ, ಅರ್ಧ ನರಳಾಟವಾಗಿ ಬರುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನೋಡಿ, ದೊಡ್ಡಮ್ಮಂಗೆ ನಮ್ಮ ಮೇಲೆ ಎಷ್ಟು ಪ್ರೀತಿ" ಎಂದು ಅವರಿಗೂ ಕಣ್ಣು ಒದ್ದೆ. ಬೇಡ ಎಂದು ಹೇಳಬಹುದಿತ್ತು. ನಮಸ್ಕಾರ ಮಾಡಲು ಬಂದವರಿಗೆ ಬೇಡ ಎನ್ನುವುದು ನನ್ನ ನಾಲಿಗೆಗೆ ಗೊತ್ತಿಲ್ಲ.

ಮೂರನೆಯ ದಿನ ಬೆಳಿಗ್ಗೆ ನನ್ನ ಮಂಚಕ್ಕೆ ಚಕ್ರ ಇರುವುದು ಗೊತ್ತಾಯಿತು.

ತಳ್ಳಿಕೊಂಡು ಹೋಗಿ ಒಂಟಿ ಕೋಣೆಯಲ್ಲಿ ಬಿಟ್ಟರು. ಬಾಗಿಲಿಗೆ ಒಂದು ಬೋರ್ಡು. ಒಳಗೆ ಬರುವವರೆಲ್ಲ ಹಳದಿ ಗೌನು, ಕೈಗೆ ಗ್ಲೌಸು. ಕೀಲಿನ ನೀರಿನಲ್ಲಿ ಯೂರಿಕ್ ಆಸಿಡ್ ಹರಳು ಸಿಕ್ಕಿತ್ತು. ಅಂದರೆ ಗೌಟ್ ಹೌದು. ಕೀಲಿನ ಒಳಗೆ ಸೋಂಕು ಇರಲಿಲ್ಲ, ಅದು ಪುಣ್ಯ. ಆದರೆ ಮೇಲಿನ ಗಾಯದಲ್ಲಿ ಎಂ.ಆರ್.ಎಸ್.ಎ. ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಜಗ್ಗದ ಜಾತಿ.

ಇದನ್ನೆಲ್ಲ ನನಗೆ ಹೇಳಿದವರು ಸಲ್ಮಾ ಸಿಸ್ಟರ್. ಆಸ್ಪತ್ರೆಯಲ್ಲಿ ಸೋಂಕು ಒಬ್ಬರಿಂದ ಒಬ್ಬರಿಗೆ ಹರಡದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಗಟ್ಟಿ ಧ್ವನಿ. ಕಾರಿಡಾರಿನ ಆ ತುದಿಯಲ್ಲಿ ಅವರು "ಕೈ" ಎಂದರೆ ಈ ತುದಿಯವರೂ ಹೋಗಿ ಕೈ ತೊಳೆಯುತ್ತಿದ್ದರು. ಮಾತ್ರೆಗಳನ್ನು ಅರ್ಧಂಬರ್ಧ ತಿಂದು ತಿಂದು ಈ ಕ್ರಿಮಿಗಳಿಗೆ ಔಷಧಿ ಅಭ್ಯಾಸವಾಗಿದೆ ಎಂದು ವಿವರಿಸಿದರು. ನಾನು ಬಿಸ್ಕತ್ತಿನ ಡಬ್ಬಿ ನೆನೆದು ಕುಗ್ಗಿದೆ. ಮೆಲ್ಲಗೆ ಡಬ್ಬಿಯ ವಿಷಯ ಹೇಳಿದೆ. ನಿಮ್ಮ ಡಬ್ಬಿ ಒಂದರಿಂದಲೇ ಬಂತೆನ್ನಲು ಆಗುವುದಿಲ್ಲ, ಮನೆಯಿಂದ ಬಂದಿರಬಹುದು, ಇಲ್ಲೇ ಅಂಟಿರಲೂಬಹುದು, ಎಷ್ಟೋ ಜನರ ಮೂಗಿನಲ್ಲಿ ಸುಮ್ಮನೆ ಕೂತಿರುತ್ತದೆ ಎಂದರು. ಡಬ್ಬಿ ಮಾತ್ರ ಮನೆಯಲ್ಲಿ ಇರಕೂಡದು ಎಂದರು. ಆಮೇಲೆ ಪೆನ್ನು ತೆಗೆದರು.

"ಅಜ್ಜಿ, ನಿಮ್ಮ ಕಾಲು ಯಾರ್ಯಾರು ಮುಟ್ಟಿದ್ರು?"

ನಾನು ಹೇಳುತ್ತಾ ಹೋದೆ. ಷಡಕ್ಷರಿ, ಅವನ ಹೆಂಡತಿ, ಅವನ ಮಕ್ಕಳು. ರುದ್ರೇಶನ ಅಂಗಡಿ ಹುಡುಗರು. ಕೆಳಗಿನ ಮನೆಯ ಹೊಸ ಮದುಮಕ್ಕಳು. ಪಕ್ಕದ ಮಂಚದ ಅಮ್ಮನ ಅಳಿಯ, ಎಲ್ಲರೂ ಮುಟ್ಟುತ್ತಿದ್ದಾರಲ್ಲ ಎಂದು ಅವರೂ ಮುಟ್ಟಿದರು. ಸಿಸ್ಟರ್ ಬರೆಯುವುದನ್ನು ನಿಲ್ಲಿಸಿದರು.

"ನೀವೇನು ಮಠದ ಸ್ವಾಮಿಗಳಾ?"

ಅವರು ನಗಲಿಲ್ಲ. ಕಾಲು ಮುಟ್ಟಿದ ಕೈ ಕಣ್ಣಿಗೆ ಹೋಯಿತು, ಕಣ್ಣಿಂದ ಪಕ್ಕದ ಮಂಚಕ್ಕೆ ಹೋಯಿತು, ಮೂಸಂಬಿಗೆ ಹೋಯಿತು. ಅವರಿಗೆಲ್ಲ ಕೈ ಚೆನ್ನಾಗಿ ತೊಳೆಯಲು ಹೇಳಿ, ಮೈಮೇಲೆ ಗಾಯವಾಗಿ ಕೀವಾದರೆ ತೋರಿಸಲು ಹೇಳಿ ಎಂದರು. ಕ್ರಿಮಿಗೆ ರೆಕ್ಕೆ ಇಲ್ಲ ಅಜ್ಜಿ, ಅದಕ್ಕೆ ನಮ್ಮ ಕೈಯೇ ಆಟೋ ಎಂದರು. ಸಂಜೆಗೆ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಎರಡನೇ ಬೋರ್ಡು ಬಂತು. "ಅಜ್ಜಿಯ ಕಾಲು ಮುಟ್ಟಬೇಡಿ. ಅಲ್ಲಿಂದಲೇ ನಮಸ್ಕಾರ ಮಾಡಿ."

ಷಡಕ್ಷರಿ ನಿಮ್ಮ ತಾತನ ತಮ್ಮನ ಮಗ, ಬಲು ಭಕ್ತಿವಂತ. ಬೋರ್ಡು ಓದಿದ. ಅಲ್ಲಿಂದಲೇ ಎಂದಿದೆಯಲ್ಲ, ಬಾಗಿಲ ಹೊರಗೇ ಕಾರಿಡಾರಿನ ನೆಲದ ಮೇಲೆ ಉದ್ದಕ್ಕೆ ಮಲಗಿ ದೀರ್ಘದಂಡ ನಮಸ್ಕಾರ ಹಾಕಿದ. ಔಷಧಿ ಗಾಡಿ ತಳ್ಳಿಕೊಂಡು ಬಂದ ಆಯಾ ಬ್ರೇಕ್ ಹಾಕಿ ನಿಂತರು. ಸಲ್ಮಾ ಸಿಸ್ಟರ್ ಓಡಿ ಬಂದರು.

"ಎದ್ದೇಳಿ ಸಾರ್! ಅಜ್ಜಿ ಕಾಲಿಗಿಂತ ಈ ನೆಲ ಡೇಂಜರ್."

ಅಂದು ರಾತ್ರಿಯೂಟದ ಹೊತ್ತಿಗೆ ನನಗೆ ನಗು ಬಂತು. ಕಾಯಿಲೆ ಬಿದ್ದ ಮೇಲೆ ಮೊದಲ ನಗು. ಒಬ್ಬಳೇ ಇದ್ದೆನಲ್ಲ, ಸೆರಗು ಅಡ್ಡ ಹಿಡಿಯದೆ ನಕ್ಕೆ.

ಆ ನಗು ಮರುದಿನ ನಿಂತುಹೋಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಎಂದು ಸಿಸ್ಟರ್ ಕೇಳಿದರು. ಬರುವುದಿದೆ ಎಂದೆ. ನೀರು ಹಾಕುವ ವಿಷಯ ಹೇಳಿದೆ. ಕಾಲು ಚಾಚಿ, ಪಾದದ ಮೇಲೆ ತಲೆ ಇಟ್ಟು ಎಂದು ಕೈಯಲ್ಲಿ ತೋರಿಸಿಯೂ ತೋರಿಸಿದೆ. ಸಿಸ್ಟರ್ ಅಜ್ಜಿಯೂ ಹಾಗೇ ಹಾಕುತ್ತಿದ್ದರಂತೆ.

"ಗಾಯ ಪೂರ್ತಿ ಮುಚ್ಚಿ, ಸ್ವಾಬ್ ಕ್ಲಿಯರ್ ಅಂತ ಬರೋವರೆಗೂ ಬೇಡ ಅಜ್ಜಿ. ಮಗೂ ತಲೆ ಸರಿಯಾಗಿ ಗಾಯದ ಹತ್ರಾನೇ ಬರುತ್ತೆ."

ಸರಿ ಎಂದೆ. ಅವರು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದೆ.

ಇದನ್ನು ನಿಮಗೆ ಹೇಗೆ ಹೇಳಲಿ. ನಿಮ್ಮ ತಾತ ಹೋದ ಮೇಲೆ ಆರತಿ ಎತ್ತುವ ಕಡೆ, ತೊಟ್ಟಿಲು ಕಟ್ಟುವ ಕಡೆ ನಾನು ಮುಂದೆ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಸೂತಕ ಗೀತಕ ಇಲ್ಲ ಎನ್ನುತ್ತಾರೆ. ಯಾರೂ ನನ್ನನ್ನು ಹಿಂದೆ ಹೋಗು ಎಂದಿರಲಿಲ್ಲ, ಮುಂದೆ ಬಾ ಎಂದೂ ಯಾರೂ ಕರೆಯಲಿಲ್ಲ. ನಾನೇ ಅಡುಗೆಮನೆ ಬಾಗಿಲಲ್ಲಿ ನಿಂತುಕೊಳ್ಳುತ್ತಿದ್ದೆ. ಬಚ್ಚಲ ಮಣೆಯ ಹತ್ತಿರ ಮಾತ್ರ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ಮಗು ಅಳುತ್ತಿರುತ್ತದೆ, ನೀರು ಆರುತ್ತಿರುತ್ತದೆ, ಎಲ್ಲರೂ ನನ್ನನ್ನೇ ಕರೆಯುತ್ತಾರೆ. ಹಳದಿ ಗೌನಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಾಗ ಆ ಮಣೆಯೂ ಹೋಯಿತಲ್ಲ ಅನ್ನಿಸಿತು. ಬೆರಳಿನ ನೋವು ಆ ಹೊತ್ತು ಮರೆತೇಹೋಗಿತ್ತು.

ವಿಷಯ ತಿಳಿದು ಪುಷ್ಪ ಫೋನಿನಲ್ಲಿ ಅತ್ತಳು. ಬಸುರಿ, ಆಸ್ಪತ್ರೆಗೆ ಬರಕೂಡದೆಂದು ನಾನೇ ಹೇಳಿದ್ದೆ.

"ನೀನು ಹುಷಾರಾಗೋವರೆಗೂ ನಾನು ಹೆರಲ್ಲ ಕಣವ್ವ."

ಅದು ನಿನ್ನ ಕೈಲಿಲ್ಲ, ಬಾಯಿ ಮುಚ್ಚು ಎಂದೆ.

ಡ್ರಿಪ್ಪಿನಲ್ಲಿ ಸರಿಯಾದ ಔಷಧಿ ಹೋಗತೊಡಗಿತು. ಕೆಂಪು ಕಣಕಾಲಿನಿಂದ ಇಳಿಯಿತು. ಗೌಟಿಗೆ ಕೊಟ್ಟ ಪುಟ್ಟ ಮಾತ್ರೆ ಬೆರಳಿನ ಊತ ಇಳಿಸಿತು, ಜೊತೆಗೆ ನನ್ನನ್ನು ಬಾತ್‌ರೂಮಿಗೂ ಓಡಿಸಿತು. ಒಂದು ಕಾಲಲ್ಲಿ ಓಡುವುದು ಹೇಗೆಂದು ಆಗ ಕಲಿತೆ. ಮೈಗೆ ಬೇರೆ ಸೋಪು, ಮೂಗಿಗೆ ಮುಲಾಮು. ಬೆರಳ ತುದಿಗೆ ಮುಲಾಮು ತೆಗೆದುಕೊಂಡು ಎರಡೂ ಹೊಳ್ಳೆಗೆ ಹಚ್ಚಿ, ಮೂಗು ಹಿಸುಕಿ, ಒಮ್ಮೆ ಎಳೆದುಕೊಳ್ಳಬೇಕು. ಮೊದಲ ದಿನ ಹಾಗೆ ಮಾಡುವಾಗ ಕೈ ಅರ್ಧಕ್ಕೇ ನಿಂತಿತು. ನಿಮ್ಮ ತಾತ ನಶ್ಯ ಏರಿಸುತ್ತಿದ್ದದ್ದು ಹೀಗೇ. ಮದುವೆಯಾದ ದಿನದಿಂದ ಅವರ ನಶ್ಯಕ್ಕೆ ಮುಖ ಸಿಂಡರಿಸಿದವಳು ನಾನು. ಅವರು ಇದ್ದಿದ್ದರೆ ಮಂಚದ ಪಕ್ಕ ಕೂತು ಎಷ್ಟು ನಗುತ್ತಿದ್ದರೋ.

ರುದ್ರೇಶ ದಿನಾ ಬರುತ್ತಿದ್ದ. ಹಳದಿ ಗೌನಿನಲ್ಲಿ ಅರಿಶಿನ ಹಚ್ಚಿದ ಮದುಮಗನ ಹಾಗೆ ಕಾಣುತ್ತಿದ್ದ, ಹೊಟ್ಟೆಯೊಂದು ಬಿಟ್ಟು. ಅಮ್ಮನಿಗೆ ಇಷ್ಟ ಎಂದು ಬೋಂಡ ತಂದು ಮಂಚದ ಮೇಲಿಟ್ಟು ಸಲ್ಮಾ ಸಿಸ್ಟರ್ ಕೈಯಲ್ಲಿ ಬೈಸಿಕೊಂಡ. ಬೋಂಡ ವಾಪಸ್ ಹೋಯಿತು. ಗೌನು ಬಿಚ್ಚಿ, ಕೈ ತೊಳೆದು, ಹೊರಗೆ ನಿಂತು ಅವನೇ ತಿಂದ ಎಂದು ಆಮೇಲೆ ಆಯಾ ಹೇಳಿದರು.

ನಾನು ಮನೆಗೆ ಬಂದ ವಾರದಲ್ಲೇ ಪುಷ್ಪನಿಗೆ ಹೆರಿಗೆಯಾಯಿತು. ಹೆಣ್ಣುಮಗು. ಫೋನಿನಲ್ಲಿ ತೋರಿಸಿದರು. ತಾಯಿ ಮಗು ಕತ್ರಿಗುಪ್ಪೆಗೆ ಬಂದಾಗ ನಾನು ಹಾಲ್‌ನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕೈ ತೊಳೆದಿದ್ದೆ. ಮತ್ತೆ ತೊಳೆದಿದ್ದೆ. ಎತ್ತಿಕೊಳ್ಳಬಹುದೆಂದು ಸಿಸ್ಟರ್ ಹೇಳಿದ್ದರೂ ಗಾಯದ ಪಟ್ಟಿ ನೋಡಿದರೆ ಧೈರ್ಯ ಬರಲಿಲ್ಲ. ದೂರದಿಂದಲೇ ನೋಡಿದೆ. ಅಲ್ಲಿಂದಲೇ ನಮಸ್ಕಾರ ಅಂದ ಹಾಗೆ.

ಮಗುವಿಗೆ ನೀರು ಹಾಕಲು ಒಬ್ಬಾಕೆಯನ್ನು ಗೊತ್ತುಮಾಡಿದ್ದೆವು. ಎರಡು ದಿನ ಬಂದಳು, ಚೆನ್ನಾಗಿಯೇ ಹಾಕಿದಳು. ಮೂರನೆಯ ದಿನ ತಂಗಿಯ ಮದುವೆ ಎಂದು ಊರಿಗೆ ಹೊರಟಳು. ಬಾಣಂತಿ ಬಗ್ಗಬಾರದು. ವಾಣಿ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡಬೇಕು. ಪುಟ್ಟಮ್ಮಣ್ಣಿಗೆ ಮಂಡಿ ಮಡಚಿದರೆ ಬಿಚ್ಚಲು ಬರದು, ಬಿಚ್ಚಿದರೆ ಮಡಚಲು ಬರದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ರುದ್ರೇಶನ ಮುಖ ನೋಡಿದರು.

"ನಾನಾ? ನಂಗೆ ಫ್ಯಾನ್ ಫಿಟ್ ಮಾಡೋಕೆ ಬರುತ್ತೆ ಕಣವ್ವ, ಇದು ಬರಲ್ಲ."

"ಇದಕ್ಕೂ ಅಷ್ಟೇ ಜೋಪಾನ ಬೇಕು. ಕೂತ್ಕೋ."

ಬಚ್ಚಲಲ್ಲಿ ಮಣೆ ಬಿತ್ತು. ರುದ್ರೇಶ ಲುಂಗಿ ಎತ್ತಿ ಕಟ್ಟಿ, ಕಂಬದಂಥ ಎರಡು ಕಾಲು ಚಾಚಿ ಕೂತ. ಅವನ ಕಾಲಿನ ಕೂದಲು ನೋಡಿ ಪುಷ್ಪ, ಮಗುವಿಗೆ ಕಂಬಳಿ ಹಾಸಿದ ಹಾಗಿದೆ ಎಂದಳು. ನಾನು ಬಚ್ಚಲ ಬಾಗಿಲ ಹೊರಗೆ ಕುರ್ಚಿಯಲ್ಲಿ, ಬಲಗಾಲು ಸ್ಟೂಲಿನ ಮೇಲೆ. ಮಗು ಅವನ ಕಾಲ ಮೇಲೆ ಹೋದದ್ದೇ ನನಗೆ ಏನಾಯಿತೋ ಗೊತ್ತಿಲ್ಲ.

"ಕತ್ತು! ಕತ್ತು ಹಿಡಿಯೋ! ಎಡಗೈ. ನಿನ್ನ ಎಡಗೈ ಕಣೋ. ನೀರು ಮೊದಲು ನಿನ್ನ ಮುಂಗೈಗೆ ಹಾಕ್ಕೊಂಡು ನೋಡು. ಕಿವಿಗೆ ಕೈ ಅಡ್ಡ ಇಡು. ಬೋರಲು ಹಾಕು. ಮುಖ ಪಕ್ಕಕ್ಕೆ, ಪಕ್ಕಕ್ಕೆ. ಹಾ, ಈಗ ಬೆನ್ನಿಗೆ."

ಕೆಳಗಿನ ಮನೆಯವರು ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದರು. ನನ್ನ ಧ್ವನಿ ಅಷ್ಟು ದೊಡ್ಡದೆಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮಗು ಮಾತ್ರ ಅಳು ನಿಲ್ಲಿಸಿ, ಆ ಕಂಬಗಳ ಮೇಲೆ ಕಣ್ಣು ಮುಚ್ಚಿ ಹಾಯಾಗಿ ಮಲಗಿತ್ತು. ನೀರು ಹಾಕಿ ಮುಗಿದ ಮೇಲೆ ರುದ್ರೇಶನಿಗೆ ಏಳಲು ಬರಲಿಲ್ಲ. ಪುಷ್ಪನೂ ನಗುತ್ತಾ ನಿಂತಳು. ಅವನು ಬಾಗಿಲ ಚೌಕಟ್ಟು ಹಿಡಿದು ಎದ್ದ. ಹೆಬ್ಬೆರಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ನಾನು ನೋಡಿದ್ದನ್ನು ನೋಡಿ ಕೈ ತೆಗೆದ. ಯೂರಿಕ್ ಆಸಿಡ್ ಇನ್ನೂ ಪರೀಕ್ಷೆ ಮಾಡಿಸಿಲ್ಲ ಅವನು. ಮಕ್ಕಳೇ, ನೀವು ಜ್ಞಾಪಿಸಿ.

ಹೀಗೆ ದಿನಗಳು ಹೋದವು. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವನ ಕಾಲು, ನನ್ನ ಬಾಯಿ. ಈ ನಡುವೆ ಪುಟ್ಟಮ್ಮಣ್ಣಿ ಗೌಟಿಗೆ ಆಗದು ಎಂದು ತೊಗರಿಬೇಳೆ, ಹುರುಳಿ, ಸೊಪ್ಪು, ಟೊಮೆಟೊ, ಹುಣಸೆಹಣ್ಣು ಎಲ್ಲ ಬಿಡಿಸಿದಳು. ಉಳಿದದ್ದು ಅನ್ನ ಮತ್ತು ಪುಟ್ಟಮ್ಮಣ್ಣಿಯ ಮಾತು. ಡಾಕ್ಟರಿಗೆ ಹೇಳಿದಾಗ ಅವರು, ಬೇಳೆ ಸೊಪ್ಪು ತಿನ್ನಿ, ನೀರು ಕುಡಿಯಿರಿ, ನಾನು ಬದಲಿಸಿಕೊಟ್ಟ ಬಿ.ಪಿ. ಮಾತ್ರೆಯನ್ನು ಬಿಡಬೇಡಿ, ನಾದಿನಿಯವರನ್ನು ಒಮ್ಮೆ ಕರೆದುಕೊಂಡು ಬನ್ನಿ ಎಂದರು. ಅವಳು ಬರಲಿಲ್ಲ. ಸಾರಿಗೆ ಬೇಳೆ ವಾಪಸ್ ಬಂತು.

ಗಾಯ ಮುಚ್ಚಿ ಹೊಸ ಚರ್ಮ ಬಂತು. ಗುಲಾಬಿ ಬಣ್ಣ, ಮಗುವಿನ ಪಾದದ ಹಾಗೆ. ಮತ್ತೆ ರಕ್ತ ಪರೀಕ್ಷೆ. ಈ ಸಲ ಯೂರಿಕ್ ಆಸಿಡ್ ಜಾಸ್ತಿ ಬಂತು. ಹಸುಗಳೆಲ್ಲ ಕೊಟ್ಟಿಗೆಯಲ್ಲೇ ಇದ್ದವು. ಡಾಕ್ಟರಿಗೆ ಅಷ್ಟು ಸಂತೋಷ, ನನಗೇನೋ ಬಹುಮಾನ ಬಂದ ಹಾಗೆ. ಅದನ್ನು ಇಳಿಸುವ ಮಾತ್ರೆ ಶುರುಮಾಡಿದರು. ನೋವು ಇಲ್ಲವೆಂದು ನಿಲ್ಲಿಸಬಾರದು, ಮತ್ತೆ ಮತ್ತೆ ಅಳೆಯಬೇಕು ಎಂದರು. ಈ ಸಲ ಮಾತ್ರೆ ಉಳಿಸಲಿಲ್ಲ. ಉಳಿಸಲು ಡಬ್ಬಿಯೂ ಇಲ್ಲ. ಅನ್ವಿತಾ, ಹಳೆಯ ಮಾತ್ರೆಗಳನ್ನೆಲ್ಲ ನೀನೇ ಆಸ್ಪತ್ರೆಗೆ ಒಪ್ಪಿಸಿ ಬಂದೆಯಲ್ಲ. ಡಬ್ಬಿಯನ್ನು ತೊಳೆದಿಟ್ಟಿದ್ದೇನೆ, ಈಗ ಅದರಲ್ಲಿ ಮಗುವಿನ ಟೋಪಿಗಳಿವೆ.

ಸ್ವಾಬ್ ಮತ್ತೆ ಮತ್ತೆ ಕೊಟ್ಟೆ. ಕೊನೆಯದನ್ನು ಕೊಟ್ಟ ಮೇಲೆ ಎರಡು ದಿನ ಕಳೆದು ಸಲ್ಮಾ ಸಿಸ್ಟರ್ ಫೋನ್ ಮಾಡಿದರು. "ಕ್ಲಿಯರ್ ಅಜ್ಜಿ. ಕೂತ್ಕೊಳ್ಳಿ ಮಣೆ ಮೇಲೆ." ಮತ್ತೆ ಬರಬಹುದು, ಗಾಯವಾದರೆ ತೋರಿಸಿ ಎಂದರು. ಕೈ ತೊಳೆಯಲೂ ಹೇಳಿದರು. ತೊಳೆಯುತ್ತಲೇ ಫೋನ್ ಎತ್ತಿದ್ದೆ, ಫೋನೆಲ್ಲ ನೊರೆಯಾಗಿತ್ತು.

ಮರುದಿನ ಬೆಳಿಗ್ಗೆ ಮಣೆಯ ಮೇಲೆ ಕೂತೆ. ಕಾಲು ಚಾಚಿದೆ. ಮೊಣಕಾಲು ಕಟಕಟ ಅಂದಿತು. ಪುಷ್ಪ ಮಗುವನ್ನು ತಂದು ಕಾಲ ಮೇಲೆ ಮಲಗಿಸಿದಳು.

ಮಗು ಕಿಟಾರನೆ ಕಿರುಚಿತು.

ನನ್ನ ಕಾಲು ಒಣ ಕಡ್ಡಿ. ಅವಳಿಗೆ ಮಾವನ ಕಂಬ ರೂಢಿಯಾಗಿತ್ತು. ಹೊರಳಿದಳು, ಒದ್ದಳು, ಮುಖ ಟೊಮೆಟೊ ಆಯಿತು. ಬಾಗಿಲ ಹೊರಗೆ ನನ್ನ ಕುರ್ಚಿಯಲ್ಲಿ ರುದ್ರೇಶ ಕೂತಿದ್ದ.

"ಕತ್ತು, ಅವ್ವ. ಕತ್ತು ಹಿಡಿ," ಎಂದ.

ಆ ಧ್ವನಿ ಕೇಳಿದ್ದೇ ಮಗು ಸ್ವಲ್ಪ ಸುಮ್ಮನಾಯಿತು. ಮಾತಾಡುತ್ತಲೇ ಇರು ಎಂದೆ ಅವನಿಗೆ. ಅವನು ಫ್ಯಾನುಗಳ ಕಂಪನಿ ಹೆಸರು ಒಂದೊಂದಾಗಿ ಹೇಳುತ್ತಾ ಹೋದ. ನಾನು ಎಣ್ಣೆ ತಿಕ್ಕಿದೆ, ಕಡಲೆಹಿಟ್ಟು ಹಚ್ಚಿದೆ. ಬೆನ್ನು ತೊಳೆಯಲು ಮೆಲ್ಲಗೆ ಬೋರಲು ತಿರುಗಿಸಿದೆ. ಮುಖ ಪಕ್ಕಕ್ಕೆ ಇಟ್ಟೆ. ಅವಳು ಒಂದು ಸಲ ತಲೆ ಎತ್ತಿದಳು, ತೂಗಿದಳು, ತಡೆಯಲಾಗದೆ ಇಳಿಸಿದಳು. ಹಣೆ ಬಂದು ನನ್ನ ಬಲಗಾಲಿನ ಹೆಬ್ಬೆರಳಿಗೆ ತಗುಲಿತು.

ಕಣ್ಣು ಮುಚ್ಚಿ ಮಿಂಚಿಗಾಗಿ ಕಾದೆ. ಬರಲಿಲ್ಲ.

ಕೈ ಜೋಡಿಸಿಲ್ಲ, ಆದರೂ ಮೈಯೆಲ್ಲ ಚಾಚಿದ್ದಾಳೆ, ಹಣೆ ಪಾದಕ್ಕಿಟ್ಟಿದ್ದಾಳೆ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಕಾಲು ಮುಟ್ಟಿದವರಲ್ಲಿ ಅವಳೇ ಮೊದಲು. ತಲೆ ಮೇಲೆ ಕೈಯಿಟ್ಟು ಹರಸೋಣವೆಂದರೆ ಎಡಗೈಯಲ್ಲಿ ಅವಳ ಬೆನ್ನು, ಬಲಗೈಯಲ್ಲಿ ಚೊಂಬು. ಮುಂಗೈಗೆ ನೀರು ಸುರಿದು ಬಿಸಿ ನೋಡಿಕೊಂಡೆ. ಹದವಾಗಿತ್ತು. ಅವಳ ಬೆನ್ನ ಮೇಲೆ ಹೊಯ್ದೆ.